ಕೂಸಿನ ಬಟ್ಟೆ ಸರಿಸಿ ನೋಡಿ: ಬಾಣಂತಿ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಗೆ ಕೈಪಿಡಿ

ಹೆರಿಗೆಯಾಗಿ ಮೂರನೇ ದಿನ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಆರೋಗ್ಯ ಕಾರ್ಯಕರ್ತೆಯೊಬ್ಬರ ಜೊತೆ ನಾನೂ ಬಾಣಂತಿ ಮನೆಗೆ ಹೋಗಿದ್ದೆ. ಅಜ್ಜಿ ಬಾಗಿಲಲ್ಲೇ ಸಿಕ್ಕರು. "ಕೂಸು ಬಂಗಾರ ಕಣಮ್ಮ, ಅಳೋದೇ ಇಲ್ಲ. ಸುಮ್ನೆ ಮಲಗಿರುತ್ತೆ. ಬೆಳಗ್ಗೆಯಿಂದ ಹಾಲಿಗೂ ಎದ್ದಿಲ್ಲ" ಅಂದರು. ಮಗುವಿಗೆ ಮೂರು ಬಟ್ಟೆ ಸುತ್ತಿದ್ದರು, ಮುಖ ಮಾತ್ರ ಕಾಣುತ್ತಿತ್ತು. ಮುಖದಲ್ಲಿ ಏನೂ ತೊಂದರೆ ಕಾಣಲಿಲ್ಲ. ನನ್ನ ಜೊತೆಗಿದ್ದವರು ರಿಜಿಸ್ಟರ್ ತೆಗೆದು 'ಮಗು ಚೆನ್ನಾಗಿದೆ' ಅಂತ ಬರೆಯಲು ಹೊರಟಿದ್ದರು. "ಬಟ್ಟೆ ಸರಿಸಿ ನೋಡೋಣ" ಅಂದೆ. ಅಜ್ಜಿ ಒಂದೊಂದೇ ಪದರ ಬಿಡಿಸಿದರು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಣಿಸಿದರೆ ನಿಮಿಷಕ್ಕೆ 72 ಉಸಿರು. ಇನ್ನೊಮ್ಮೆ ಎಣಿಸಿದಾಗ 74. ಒಂದು ಗಂಟೆಯೊಳಗೆ ಮಗು ಆಸ್ಪತ್ರೆಯ ದಾರಿಯಲ್ಲಿತ್ತು. ಉಳಿಯಿತು.

ಅಳದ, ಹಾಲಿಗೆ ಏಳದ ಮಗುವನ್ನು ಮನೆಯವರು ಒಳ್ಳೆ ಮಗು ಅಂದುಕೊಂಡಿದ್ದರು. ಅದು ಅವರ ತಪ್ಪಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹಳ್ಳಿಯಲ್ಲಿ ಆ ಹೊತ್ತಿಗೆ ಆ ಮನೆಯೊಳಗೆ ಹೋಗಿ ನೋಡಬಲ್ಲವರು ನೀವೊಬ್ಬರೇ. ಅದಕ್ಕೇ ಈ ಕೈಪಿಡಿಯಲ್ಲಿ ಭಾಷಣ ಕೊಡುವುದಕ್ಕಿಂತ ಕಣ್ಣಲ್ಲಿ ನೋಡುವುದು, ಕೈಯಲ್ಲಿ ಮುಟ್ಟುವುದು, ಎಣಿಸುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಕ್ಕಳು ಹುಟ್ಟಿದ 28 ದಿನದೊಳಗೆ ತೀರಿಕೊಂಡವು. ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಇದು ಹತ್ತಿರ ಹತ್ತಿರ ಅರ್ಧ. ಇಷ್ಟು ಎಳೆಯ ಮಕ್ಕಳ ಸಾವಿನಲ್ಲಿ ಮುಕ್ಕಾಲು ಪಾಲು ಆಗುವುದು ಮೊದಲ ವಾರದಲ್ಲೇ. ತಾಯಂದಿರ ಸಂಕಟವೂ ಸಣ್ಣದಲ್ಲ. 2020ರಲ್ಲಿ ಸುಮಾರು 2,87,000 ಹೆಂಗಸರು ಬಸಿರು, ಹೆರಿಗೆ, ಬಾಣಂತನದ ತೊಂದರೆಗಳಿಂದ ಸತ್ತರು. ಜಾಸ್ತಿ ಓದಿಲ್ಲದ ಹಳ್ಳಿಯ ಹೆಂಗಸು ಇದನ್ನು ತಡೆಯಲು ಏನು ಮಾಡಬಲ್ಲಳು ಅಂತ ಕೇಳುವವರಿಗೆ ನಾನು ಮಹಾರಾಷ್ಟ್ರದ ಗಡ್‌ಚಿರೋಲಿಯ ಉದಾಹರಣೆ ಕೊಡುತ್ತೇನೆ. ಅಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಮತ್ತು ಅವರ ತಂಡ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಹಸುಗೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳುವ ವ್ಯವಸ್ಥೆ ಮಾಡಿತು. ಇಂಥ ವ್ಯವಸ್ಥೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಮೂರನೇ ವರ್ಷಕ್ಕೆ ಹಸುಗೂಸುಗಳ ಸಾವು 62% ಇಳಿದಿತ್ತು. 1999ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಮೇಲೆ ಹಲವು ದೇಶಗಳಲ್ಲಿ ಇಂಥ ಪ್ರಯತ್ನಗಳು ನಡೆದವು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ, ಹುಟ್ಟಿದ ಮೊದಲ ವಾರದಲ್ಲಿ ಮನೆ ಭೇಟಿ ಆಗಲೇಬೇಕು ಅಂತ ಹೇಳಿಕೆ ಹೊರಡಿಸಿದವು.

1. ಯಾರು ಬಸುರಿ ಅನ್ನುವುದು ನಿಮಗೆ ಗೊತ್ತಿರಲಿ

ಪಟ್ಟಿಯಲ್ಲಿ ಹೆಸರು ಇಲ್ಲದ ಮನೆಗೆ ನೀವು ಹೋಗುವುದೇ ಇಲ್ಲ, ಅಲ್ವಾ? ಹಾಗಾಗಿ ಪಟ್ಟಿಯಿಂದಲೇ ಶುರು. ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗಿ. ಕೊನೆಯ ಮುಟ್ಟು ಯಾವತ್ತು ಆಯಿತು ಅಂತ ಕೇಳಿ ಬರೆದುಕೊಳ್ಳಿ. ಆ ಮುಟ್ಟು ಶುರುವಾದ ದಿನಕ್ಕೆ 9 ತಿಂಗಳು, 7 ದಿನ ಸೇರಿಸಿದರೆ ಹೆರಿಗೆಯ ಅಂದಾಜು ತಾರೀಕು ಸಿಗುತ್ತದೆ. ಮೊದಲ ತಪಾಸಣೆ 12 ವಾರದೊಳಗೆ ಆಗಬೇಕು. ಬಸಿರಿನ ಉದ್ದಕ್ಕೂ ಎಂಟು ಸಲವಾದರೂ ತಪಾಸಣೆ ಆಗಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆ.

ಪಟ್ಟಿಯಿಂದ ತಪ್ಪಿಹೋಗುವವರು ಯಾರು ಅಂತ ಯೋಚಿಸಿ. ಕೂಲಿಗೆ ವಲಸೆ ಬಂದವರು. ಊರಿಂದ ದೂರ, ಹೊಲದಲ್ಲಿ ಮನೆ ಮಾಡಿಕೊಂಡವರು. ಹೆರಿಗೆಗೆ ಅಂತ ಬೇರೆ ಊರಿಂದ ಬಂದವರು. ಮದುವೆಯಾಗದೆ ಬಸುರಾಗಿ ಮುಚ್ಚಿಟ್ಟುಕೊಂಡವರು. ತೊಂದರೆ ಜಾಸ್ತಿ ಇರುವುದೂ ಈ ಮನೆಗಳಲ್ಲೇ. ನಿಮ್ಮ ಮನೆಗೆ ಹತ್ತಿರದ ಹತ್ತು ಮನೆಗಳ ಪಟ್ಟಿ ಯಾವಾಗಲೂ ಪಕ್ಕಾ ಇರುತ್ತದೆ. ಕೊನೆಯ ಹತ್ತು ಮನೆಗಳದ್ದು ಪಕ್ಕಾ ಇದೆಯಾ ಅಂತ ನೋಡಿಕೊಳ್ಳಿ.

2. ಎಂಟನೇ ತಿಂಗಳಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ

ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೈನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಒಂದು ವಿಷಯವನ್ನು ಬಿಡಿಸಿ ಬರೆದರು. ತಾಯಿ ಸಾಯುವುದರ ಹಿಂದೆ ಮೂರು ತಡ ಇರುತ್ತವೆ. ಆಸ್ಪತ್ರೆಗೆ ಹೋಗಬೇಕು ಅಂತ ತೀರ್ಮಾನಿಸುವುದರಲ್ಲಿ ತಡ. ಅಲ್ಲಿಗೆ ತಲುಪುವುದರಲ್ಲಿ ತಡ. ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮೊದಲ ಎರಡನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ. ಅದು ಆಗಬೇಕಾದರೆ ನೋವು ಶುರುವಾಗುವ ಮೊದಲೇ ಮಾತು ಮುಗಿದಿರಬೇಕು.

ಗಂಡ, ಅತ್ತೆ, ತಾಯಿ, ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು ಕೂತಿರಲಿ. ಪ್ರಶ್ನೆಗಳನ್ನು ನೇರವಾಗಿ ಕೇಳಿ. ಯಾವ ಆಸ್ಪತ್ರೆ? ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರ ಗಾಡಿ? ಆ ಗಾಡಿಯವರ ನಂಬರ್ ಮನೆಯ ಎಲ್ಲರ ಹತ್ತಿರ ಇದೆಯಾ? ದೊಡ್ಡ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ರಕ್ತ ಬೇಕಾದರೆ ಯಾರು ಕೊಡುತ್ತಾರೆ? ಮನೆ ಯಜಮಾನ ಊರಲ್ಲಿಲ್ಲದಿದ್ದರೆ 'ಹೊರಡಿ' ಅನ್ನುವವರು ಯಾರು? ಈ ಕೊನೆಯ ಪ್ರಶ್ನೆಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಉತ್ತರ ಬರುವವರೆಗೂ ಕಾಯಿರಿ. ಹೊರಡು ಅನ್ನುವ ಹಕ್ಕು ಬಸುರಿಗೇ ಇರಲಿ ಅಂತ ಅವರೆಲ್ಲರ ಎದುರೇ ಒಪ್ಪಿಸಿದರೆ ಇನ್ನೂ ಒಳ್ಳೆಯದು.

ಯಾವ ಲಕ್ಷಣ ಕಂಡರೆ ನೋವಿಗೂ ಕಾಯದೆ ಹೊರಡಬೇಕು ಅನ್ನುವುದನ್ನೂ ಅಂದೇ ಹೇಳಿಬಿಡಿ. ರಕ್ತ ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಫಿಟ್ಸ್, ಜ್ವರ, ನೀರು ಒಡೆಯುವುದು, ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾಗುವುದು.

3. ಯಾವ ದಿನ ಹೋಗಬೇಕು

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಾಯಿ ಮಗು ಕನಿಷ್ಠ 24 ಗಂಟೆ ಅಲ್ಲೇ ಇರಬೇಕು. ಆಮೇಲೆ 48ರಿಂದ 72 ಗಂಟೆಯೊಳಗೆ ಒಮ್ಮೆ, 7ರಿಂದ 14 ದಿನದೊಳಗೆ ಒಮ್ಮೆ, ಆರನೇ ವಾರದಲ್ಲಿ ಒಮ್ಮೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ಇಷ್ಟು. ಇದು ಕನಿಷ್ಠ ಲೆಕ್ಕ. ನಿಮ್ಮ ಕಾರ್ಯಕ್ರಮದಲ್ಲಿ ಇದಕ್ಕಿಂತ ಜಾಸ್ತಿ ಭೇಟಿ ಇದ್ದರೆ ಅದನ್ನೇ ಪಾಲಿಸಿ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ 24 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಹೋಗಿ.

ಯಾವುದಾದರೂ ಒಂದು ಭೇಟಿಯನ್ನು ಏನೇ ಆದರೂ ತಪ್ಪಿಸಬಾರದು ಅಂದರೆ ಅದು ಮೂರನೇ ದಿನದ್ದು. ಎದೆಹಾಲು ತುಂಬಿ ಇಳಿಯುವ ಹೊತ್ತು ಅದು. ಎದೆ ಬಿಗಿದು ನೋಯುವುದೂ, ಮಗು ಸರಿಯಾಗಿ ಕಚ್ಚದಿದ್ದರೆ ತೊಟ್ಟು ಒಡೆಯುವುದೂ ಆಗಲೇ. ಮಗುವಿನ ಮೈ ಹಳದಿಯಾಗುವುದು (ಕಾಮಾಲೆ) ಕಾಣಿಸಿಕೊಳ್ಳುವುದೂ ಈ ದಿನಗಳಲ್ಲೇ. ಮನೆಯವರು ದಣಿದಿರುತ್ತಾರೆ, 'ಹಾಲು ಸಾಲದು' ಅನ್ನುವ ಮಾತು ಶುರುವಾಗಿರುತ್ತದೆ. ಹೆರಿಗೆಯ ಸುದ್ದಿ ಬಂದ ತಕ್ಷಣ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿಕೊಳ್ಳಿ.

4. ಮನೆಯೊಳಗೆ ಕಾಲಿಟ್ಟ ಮೇಲೆ

ಮೊದಲು ಕೈ ತೊಳೆಯಿರಿ. ಬಳೆ, ಉಂಗುರ, ವಾಚ್ ತೆಗೆದು, ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಅಡಿ ಎಲ್ಲ ಉಜ್ಜಿ. ಮನೆಯವರಿಗೆ ಕಾಣುವಂತೆ ತೊಳೆಯಿರಿ. ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯಬೇಕು ಅಂತ ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ಒರೆಸಿಕೊಳ್ಳಲು ಅವರು ಕೊಡುವ ಬಟ್ಟೆ ಬೇಡ, ಗಾಳಿಯಲ್ಲೇ ಆರಿಸಿ.

ಮಗುವನ್ನು ನೋಡುವ ಮುಂಚೆ ತಾಯಿಯನ್ನು ಮಾತಾಡಿಸಿ. "ನಿನ್ನೆ ರಾತ್ರಿ ಹೇಗಿತ್ತಮ್ಮ?" ಅಂತ ಕೇಳಿ ಸುಮ್ಮನಿರಿ. ಬಂದವರೆಲ್ಲ ಮಗುವನ್ನೇ ಕೇಳುತ್ತಿರುತ್ತಾರೆ, ಅವಳನ್ನು ಕೇಳಿದವರು ನೀವೇ ಮೊದಲಿರಬಹುದು. ಅವಳು ಹೇಳುವ ಮೊದಲ ನಾಲ್ಕು ಮಾತಿನಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ತಪಾಸಣೆಗೆ ಒಂದು ಕ್ರಮ ಇದೆ. ಮಗು ನಿದ್ದೆಯಲ್ಲಿದ್ದರೆ ಮೊದಲು ಉಸಿರು ಎಣಿಸಿ. ಆಮೇಲೆ ಥರ್ಮಾಮೀಟರ್. ಆಮೇಲೆ ಮೈಯೆಲ್ಲ ನೋಡುವುದು. ತೂಕ ಕೊನೆಗೆ. ತೂಕದ ಜೋಲಿಯಲ್ಲಿ ಮಲಗಿಸಿದರೆ ಮಗು ಅಳುತ್ತದೆ, ಅಳುವ ಮಗುವಿನ ಉಸಿರು ಎಣಿಸಿ ಪ್ರಯೋಜನವಿಲ್ಲ. ಈ ಕ್ರಮ ಉಲ್ಟಾ ಮಾಡಿ ಅರ್ಧ ಗಂಟೆ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ.

5. ಮಗುವನ್ನು ನೋಡುವುದು

ಕಿಟಕಿ ಅಥವಾ ಬಾಗಿಲ ಬೆಳಕಿಗೆ ಬನ್ನಿ, ಗಾಳಿ ಬೀಸದ ಜಾಗವಾಗಿರಲಿ. ಹೊದಿಕೆಯನ್ನು ಮೆಲ್ಲಗೆ ಸರಿಸಿ, ಎದೆ ಮತ್ತು ಹೊಟ್ಟೆ ಕಾಣುವಷ್ಟು ಮಾತ್ರ.

ಉಸಿರು ಎಣಿಸುವುದು ಹೇಗೆ? ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಹಸುಗೂಸಿನಲ್ಲಿ ನಡೆಯುವುದಿಲ್ಲ. ಅವು ಸ್ವಲ್ಪ ಹೊತ್ತು ಬೇಗ ಬೇಗ ಉಸಿರಾಡಿ, ಕೆಲವು ಕ್ಷಣ ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ನಿಮಿಷ ಎಣಿಸಿ. ಎರಡನೇ ಸಲವೂ 60 ಅಥವಾ ಜಾಸ್ತಿ ಬಂದರೆ ಅದು ಅಪಾಯ. ಎಣಿಕೆ ತಪ್ಪುವವರಿಗೆ ಒಂದು ಸುಲಭದ ದಾರಿ ಇದೆ. ದಾರದಲ್ಲಿ ಆರು ಮಣಿ ಪೋಣಿಸಿಕೊಳ್ಳಿ. ಹತ್ತು ಉಸಿರಿಗೆ ಒಂದು ಮಣಿ ಸರಿಸಿ. ನಿಮಿಷ ಮುಗಿಯುವ ಹೊತ್ತಿಗೆ ಆರೂ ಸರಿದಿದ್ದರೆ ಎಣಿಕೆ 60 ಮುಟ್ಟಿತು ಅಂತ. ಎಣಿಸುವಾಗಲೇ ಪಕ್ಕೆಯ ಕಡೆಗೂ ಕಣ್ಣಿರಲಿ. ಉಸಿರು ಒಳಗೆ ಎಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಹೋದರೆ ಎಣಿಕೆ ಎಷ್ಟೇ ಬರಲಿ, ಆಸ್ಪತ್ರೆಗೆ ಹೊರಡಿಸಿ.

ಆಮೇಲೆ ಮೈಶಾಖ. ನಿಮ್ಮ ಕೈಯ ಹಿಂಭಾಗದಿಂದ ಮಗುವಿನ ಪಾದ ಮುಟ್ಟಿ, ನಂತರ ಹೊಟ್ಟೆ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ತಣ್ಣಗೆ, ಹೊಟ್ಟೆ ಬೆಚ್ಚಗೆ ಇದ್ದರೆ ಮಗುವಿಗೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಅಪಾಯ. ಇದನ್ನು ತಾಯಿಗೂ ಅಜ್ಜಿಗೂ ಕಲಿಸಿ, ಕಲಿಯಲು ಒಂದು ನಿಮಿಷ ಸಾಕು. ಥರ್ಮಾಮೀಟರ್ ಕಂಕುಳಲ್ಲಿಡಿ, ಬೀಪ್ ಬರುವವರೆಗೆ ತೋಳು ಒತ್ತಿ ಹಿಡಿಯಿರಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. 37.5 ದಾಟಿದರೆ ಜ್ವರ. 35.5ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಆಸ್ಪತ್ರೆ. ಈ ಎರಡರ ನಡುವೆ, ಅಂದರೆ 35.5ರಿಂದ 36.4 ಇದ್ದರೆ, ಬಟ್ಟೆ ತೆಗೆದು ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಕಳಿಸಿ. ಆ ಒಂದು ಗಂಟೆ ನೀವು ಅಲ್ಲೇ ಇರಬೇಕು.

ಹಳದಿ ನೋಡುವುದು ಹಗಲು ಬೆಳಕಿನಲ್ಲಿ ಮಾತ್ರ. ಬಲ್ಬಿನ ಬೆಳಕನ್ನು ನಂಬಬೇಡಿ. ಚರ್ಮವನ್ನು ಬೆರಳಿನಿಂದ ಒತ್ತಿ ಬಿಡಿ, ಬಿಟ್ಟ ಕ್ಷಣದಲ್ಲಿ ಕಾಣುವ ಬಣ್ಣ ನೋಡಿ. ಎರಡು ಮೂರನೇ ದಿನ ಮುಖ ಸ್ವಲ್ಪ ಹಳದಿಯಾಗುವುದು ತುಂಬಾ ಮಕ್ಕಳಲ್ಲಿ ಇರುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಯಾವ ದಿನವೇ ಆಗಲಿ ಅಂಗೈ ಅಂಗಾಲು ಹಳದಿಯಾದರೆ, ತಡ ಮಾಡಬೇಡಿ. ಬಿಸಿಲು ಕಾಯಿಸಿದರೆ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಳದಿ ಮಿತಿ ಮೀರಿದರೆ ಮಿದುಳಿಗೆ ಶಾಶ್ವತವಾಗಿ ಪೆಟ್ಟು ಬೀಳುತ್ತದೆ.

ಹೊಕ್ಕುಳ: ಒಣಗಿರಬೇಕು, ಸ್ವಚ್ಛವಾಗಿರಬೇಕು, ಅದಕ್ಕೆ ಏನೂ ಹಚ್ಚಿರಬಾರದು. ಬೂದಿ, ಎಣ್ಣೆ, ಪುಡಿ ಯಾವುದೂ ಬೇಡ. ಇಂಥದ್ದನ್ನು ಹಚ್ಚುವ ರೂಢಿ ಜಾಸ್ತಿ ಇರುವ ಕಡೆ ಕೆಲವು ದೇಶಗಳು ಕ್ಲೋರ್‌ಹೆಕ್ಸಿಡಿನ್ ಅನ್ನುವ, ರೋಗಾಣು ಕೊಲ್ಲುವ ಮುಲಾಮು ಕೊಡುತ್ತವೆ. ನಿಮ್ಮ ಕಿಟ್‌ನಲ್ಲಿ ಅದಿದ್ದರೆ ಹೇಳಿದಂತೆ ಹಚ್ಚಿ, ಆದರೆ ಕಣ್ಣಿಗೆ ಹಾಕುವ ಔಷಧಿಯ ಜೊತೆ ಅದನ್ನು ಯಾವತ್ತೂ ಇಡಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹೊಕ್ಕುಳಿನ ಸುತ್ತ ಕೆಂಪಾಗಿದ್ದರೆ, ಕೀವು ಬಂದಿದ್ದರೆ ಆಸ್ಪತ್ರೆಗೆ ಕಳಿಸಿ.

ಈಗ ಅಪಾಯದ ಲಕ್ಷಣಗಳನ್ನು ಒಟ್ಟಿಗೆ ಬರೆಯುತ್ತೇನೆ. ಇದನ್ನು ಬಾಯಿಪಾಠ ಮಾಡಿ:

- ಹಾಲು ಕುಡಿಯುತ್ತಿಲ್ಲ, ಅಥವಾ ಚೆನ್ನಾಗಿ ಕುಡಿಯುತ್ತಿದ್ದ ಮಗು ನಿಲ್ಲಿಸಿದೆ
- ಫಿಟ್ಸ್ ಬಂದಿದೆ
- ಉಸಿರು ನಿಮಿಷಕ್ಕೆ 60 ಅಥವಾ ಜಾಸ್ತಿ
- ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಎಳೆಯುತ್ತಿದೆ
- ತಾನಾಗಿ ಕೈಕಾಲು ಆಡಿಸುತ್ತಿಲ್ಲ
- ಜ್ವರ, ಅಥವಾ ಮೈ ತಣ್ಣಗಾಗಿದೆ (35.5ಕ್ಕಿಂತ ಕಡಿಮೆ, ಅಥವಾ ಬೆಚ್ಚಗೆ ಮಾಡಿದರೂ ಏರುತ್ತಿಲ್ಲ)
- ಮೊದಲ ದಿನವೇ ಹಳದಿ, ಅಥವಾ ಯಾವತ್ತೇ ಆಗಲಿ ಅಂಗೈ ಅಂಗಾಲಲ್ಲಿ ಹಳದಿ

ಇದರಲ್ಲಿ ಒಂದೇ ಒಂದು ಇದ್ದರೂ ಸಾಕು. 'ಸಂಜೆವರೆಗೆ ನೋಡೋಣ' ಅನ್ನುವ ಮಾತು ಬೇಡ. ದೊಡ್ಡವರಿಗೆ ಸೋಂಕಾದರೆ ಎರಡು ದಿನ ಜ್ವರ ಬಂದು ತಿಳಿಸುತ್ತದೆ. ಹಸುಗೂಸು ಬೆಳಗ್ಗೆ ಹಾಲು ಬಿಟ್ಟರೆ ರಾತ್ರಿ ಹೊತ್ತಿಗೆ ಕೈ ಮೀರಿರಬಹುದು.

6. ಒಂದು ಸಲ ಹಾಲು ಕುಡಿಸುವುದನ್ನು ಪೂರ್ತಿ ನೋಡಿ

"ಹಾಲು ಕುಡಿಸ್ತಿದೀಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಬೇಡಿ. ಮಗು ಎದ್ದಾಗ ಪಕ್ಕದಲ್ಲಿ ಕೂತು ನೋಡಿ. ಗಂಡಸರನ್ನು ಸ್ವಲ್ಪ ಹೊತ್ತು ಹೊರಗೆ ಇರಲು ಹೇಳಿದರೆ ತಾಯಿಗೆ ಸಂಕೋಚ ಇರುವುದಿಲ್ಲ.

ಕಚ್ಚಿದ್ದು ಸರಿ ಇದ್ದರೆ ನಾಲ್ಕು ಗುರುತು ಕಾಣುತ್ತವೆ. ಬಾಯಿ ಅಗಲವಾಗಿ ತೆರೆದಿದೆ. ಕೆಳತುಟಿ ಹೊರಕ್ಕೆ ಮಡಚಿದೆ. ಗಲ್ಲ ಎದೆಗೆ ತಾಗಿದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಡೆಗಿಂತ ಮೇಲುಗಡೆ ಜಾಸ್ತಿ ಕಾಣುತ್ತಿದೆ. ಮಗು ನಿಧಾನವಾಗಿ, ಆಳವಾಗಿ ಚೀಪುತ್ತದೆ, ನಡುನಡುವೆ ನಿಲ್ಲಿಸುತ್ತದೆ, ಗುಟುಕರಿಸುವ ಸದ್ದು ಕೇಳುತ್ತದೆ. ಬರೀ ತೊಟ್ಟನ್ನಷ್ಟೇ ಕಚ್ಚಿದ್ದರೆ ತಾಯಿಗೆ ನೋವಾಗುತ್ತದೆ, ಮಗುವಿಗೆ ಹಾಲು ಸಿಗುವುದಿಲ್ಲ. ಆಗ ಎಳೆಯಬೇಡಿ. ತಾಯಿ ತನ್ನ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ತೂರಿಸಿ ಬಿಡಿಸಿಕೊಳ್ಳಲಿ. ತೊಟ್ಟನ್ನು ಮಗುವಿನ ಮೇಲ್ತುಟಿಗೆ ಸವರಿ, ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು, ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನ ಕಡೆ ಬಗ್ಗಿಸಿದರೆ ತಾಯಿಯ ಬೆನ್ನು ಹೋಗುತ್ತದೆ.

ಹಾಲು ಸಾಲುತ್ತಿದೆಯಾ ಅನ್ನುವ ಅನುಮಾನಕ್ಕೆ ಅಳು ಉತ್ತರವಲ್ಲ, ಮೂತ್ರ ಉತ್ತರ. ಐದನೇ ದಿನದ ಹೊತ್ತಿಗೆ 24 ಗಂಟೆಯಲ್ಲಿ ಆರು ಸಲವಾದರೂ ಮೂತ್ರ ಮಾಡಬೇಕು. ದಿನಕ್ಕೆ 8ರಿಂದ 12 ಸಲ ಹಾಲು, ರಾತ್ರಿಯೂ ಸೇರಿ. ಮೊದಮೊದಲು ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರುತ್ತದೆ. ಇದನ್ನು ಮೊದಲೇ ಹೇಳಿಟ್ಟರೆ ಮನೆಯವರು ಗಾಬರಿಯಿಂದ ಡಬ್ಬಿ ಹಾಲಿಗೆ ಹೋಗುವುದಿಲ್ಲ. ಮೊದಲ ದಿನಗಳ ಗಟ್ಟಿ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಜೇನು, ಸಕ್ಕರೆ ನೀರು, ಬರೀ ನೀರು ಯಾವುದೂ ಬೇಡ, ಆರು ತಿಂಗಳು ಎದೆಹಾಲು ಮಾತ್ರ.

7. ಮಗು ಸಣ್ಣದಾಗಿದ್ದರೆ

2.5 ಕೆಜಿಗಿಂತ ಕಡಿಮೆ ತೂಕದ ಮಗುವಿನ ಮನೆಗೆ ಭೇಟಿ ಜಾಸ್ತಿ ಬೇಕು. ಇಂಥ ಮಕ್ಕಳಿಗೆ ಕಾಂಗರೂ ಆರೈಕೆಯಷ್ಟು, ಅಂದರೆ ಮಗುವನ್ನು ಮೈಗೆ ಮೈ ತಾಗುವಂತೆ ಎದೆಗೆ ಕಟ್ಟಿಕೊಳ್ಳುವಷ್ಟು, ಒಳ್ಳೆಯದು ಇನ್ನೊಂದಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಶುರು ಮಾಡಿದ್ದು ಇನ್‌ಕ್ಯುಬೇಟರ್‌ಗಳು (ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಗಳು) ಸಾಲದೆ ಹೋಗಿದ್ದರಿಂದ. 2021ರಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಬಂತು. ಮಗುವಿನ ಸ್ಥಿತಿ ಸುಧಾರಿಸಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ ಸಾವು 25% ಕಡಿಮೆಯಾಗಿತ್ತು.

ಮಾಡುವ ರೀತಿ: ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಇಷ್ಟೇ ಇರಲಿ. ತಾಯಿಯ ಎರಡು ಸ್ತನಗಳ ನಡುವೆ ನೇರವಾಗಿ, ಕಪ್ಪೆ ಕೂತ ಹಾಗೆ ಕಾಲು ಮಡಚಿಸಿ ಮಲಗಿಸಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಕತ್ತು ತೀರಾ ಮುಂದಕ್ಕೂ ಬಾಗದೆ ಹಿಂದಕ್ಕೂ ಬಾಗದೆ ಇರಲಿ, ಮೂಗು ಮುಚ್ಚಬಾರದು. ಮೆತ್ತನೆ ಬಟ್ಟೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿ. ದಿನಕ್ಕೆ ಎಂಟು ಗಂಟೆಯಾದರೂ ಬೇಕು, ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೆಯದು. ತಾಯಿ ಸ್ನಾನಕ್ಕೆ, ಊಟಕ್ಕೆ ಎದ್ದಾಗ ಅಪ್ಪ ಇಟ್ಟುಕೊಳ್ಳಲಿ, ಅಜ್ಜಿ ಇಟ್ಟುಕೊಳ್ಳಲಿ. ಮಗುವನ್ನು ಎದೆಗೆ ಕಟ್ಟಿಕೊಂಡ ಅಪ್ಪ ಮೊದಲು ಅಲುಗಾಡದೆ ಕೂತಿರುತ್ತಾನೆ. ಹತ್ತು ನಿಮಿಷ ಕಳೆದ ಮೇಲೆ ಮಗುವಿನ ಉಸಿರು ತನ್ನ ಎದೆಗೆ ತಾಗುವುದು ಗೊತ್ತಾಗಿ ಅವನ ಮುಖವೇ ಬದಲಾಗುತ್ತದೆ.

ಚೀಪಲು ಶಕ್ತಿ ಇಲ್ಲದ ಮಗುವಿಗೆ ಹಾಲು ಹಿಂಡಿ ಸಣ್ಣ ಲೋಟ, ಚಮಚ ಅಥವಾ ಒಳಲೆಯಲ್ಲಿ ಕುಡಿಸಿ. ಬಾಟಲಿ ಬೇಡ. ಸಣ್ಣ ಮಗುವಿಗೆ ಸ್ನಾನದ ಅವಸರವೂ ಬೇಡ. ಯಾವ ಮಗುವಿಗೇ ಆಗಲಿ, ಹುಟ್ಟಿದ ಮೊದಲ 24 ಗಂಟೆ ಸ್ನಾನ ಮಾಡಿಸಬಾರದು.

8. ತಾಯಿಯನ್ನು ಮರೆಯಬೇಡಿ

ರಕ್ತ ಎಷ್ಟು ಹೋಗುತ್ತಿದೆ ಅಂತ ಕೇಳಿದರೆ 'ಸ್ವಲ್ಪ' ಅನ್ನುತ್ತಾರೆ. ಪ್ಯಾಡ್ ಅಥವಾ ಬಟ್ಟೆ ಎಷ್ಟು ಹೊತ್ತಿಗೆ ಬದಲಾಯಿಸಬೇಕಾಗುತ್ತಿದೆ ಅಂತ ಕೇಳಿ. ಒಂದು ಗಂಟೆಯಲ್ಲಿ ಒಂದು ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ ಆ ಕ್ಷಣವೇ ಗಾಡಿ ಕರೆಸಿ. ತಾಯಂದಿರ ಸಾವಿಗೆ ದೊಡ್ಡ ಕಾರಣ ರಕ್ತಸ್ರಾವ.

ಬಿಪಿ ನೋಡುವ ಸಾಧನ ಇದ್ದರೆ ನೋಡಿ. 140/90 ಅಥವಾ ಜಾಸ್ತಿ ಇದ್ದರೆ ಡಾಕ್ಟರ್‌ಗೆ ತಿಳಿಸಿ. 160/110 ಅಥವಾ ಜಾಸ್ತಿ ಇದ್ದರೆ ತಕ್ಷಣ ಕಳಿಸಿ. ಹೆರಿಗೆ ಆದ ಮೇಲೆ ಬಿಪಿ ತೊಂದರೆ ಇರುವುದಿಲ್ಲ ಅನ್ನುವ ನಂಬಿಕೆ ತಪ್ಪು. ಹೆರಿಗೆಯ ನಂತರವೂ ಫಿಟ್ಸ್ ಬರಬಹುದು. ಬಿಡದ ತಲೆನೋವು, ಕಣ್ಣಿಗೆ ಮಿಂಚಿದಂತಾಗುವುದು, ಮೇಲುಹೊಟ್ಟೆ ನೋವು ಇದ್ದರೆ ನಿದ್ದೆಗೆಟ್ಟಿದ್ದರಿಂದ ಅಂತ ಬಿಡಬೇಡಿ. ಜ್ವರ 38 ಡಿಗ್ರಿ ದಾಟಿದ್ದರೆ, ಕೆಳಗೆ ಕೆಟ್ಟ ವಾಸನೆಯ ಸ್ರಾವ ಇದ್ದರೆ, ಕಿಬ್ಬೊಟ್ಟೆ ನೋವಿದ್ದರೆ ಸೋಂಕು ಅಂತ ಲೆಕ್ಕ. ಒಂದು ಕಾಲು ಮಾತ್ರ ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನೂ ತೋರಿಸಬೇಕು, ತಿಕ್ಕಬಾರದು.

ಮನಸ್ಸಿನ ಬಗ್ಗೆ ಕೇಳಿ. ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ತುಂಬಾ ಜನರಲ್ಲಿ ಇದ್ದದ್ದೇ. ಅದು ಎರಡು ವಾರ ದಾಟಿಯೂ ಮುಂದುವರಿದರೆ, ಮಗುವನ್ನು ನೋಡಲೂ ಮನಸ್ಸಿಲ್ಲದಿದ್ದರೆ, ಮಗು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ ಅದು ಕಾಯಿಲೆ. ಜಗತ್ತಿನಲ್ಲಿ ಹೆರಿಗೆಯಾದವರಲ್ಲಿ ಸುಮಾರು 13% ಹೆಂಗಸರಿಗೆ ಮಾನಸಿಕ ತೊಂದರೆ, ಅದರಲ್ಲೂ ಖಿನ್ನತೆ, ಕಾಣಿಸುತ್ತದೆ. "ಬದುಕೋದೇ ಬೇಡ ಅನಿಸುತ್ತಾ?" ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಪ್ರಶ್ನೆಯನ್ನು ಅತ್ತೆಯ ಎದುರು ಕೇಳಬಾರದು. ಹೊರಗೆ ಕರೆದುಕೊಂಡು ಹೋಗಲು ಒಂದು ನೆಪ ಹುಡುಕಿಕೊಳ್ಳಿ.

ಮುಂದಿನ ಬಸಿರಿಗೆ ಎರಡು ವರ್ಷವಾದರೂ ಅಂತರ ಇರಲಿ ಅನ್ನುವ ಮಾತು ಆರನೇ ವಾರದ ಹೊತ್ತಿಗೆ ಬರಲಿ.

9. ಆಸ್ಪತ್ರೆಗೆ ಕಳಿಸುವುದು ಅಂದರೆ ಚೀಟಿ ಬರೆದುಕೊಡುವುದಲ್ಲ

ಅಪಾಯ ಕಂಡಾಗ ಮನೆಯವರು ಹಿಂದೆಮುಂದೆ ನೋಡುತ್ತಾರೆ. ದುಡ್ಡಿಲ್ಲ, ಗಂಡಸರಿಲ್ಲ, ಹೊರಗೆ ಮಳೆ. ಹೋದ ಸಲ ಆಸ್ಪತ್ರೆಯಲ್ಲಿ ಬೈಸಿಕೊಂಡದ್ದೂ ನೆನಪಿರುತ್ತದೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಮಗುವಿನ ಎದೆಯನ್ನು ತೋರಿಸಿ, "ಅಜ್ಜಿ, ಇಲ್ಲಿ ನೋಡಿ, ಗುಳಿ ಬೀಳ್ತಿದೆ ಅಲ್ವಾ? ನೀವೇ ನನ್ನ ಜೊತೆ ಎಣಿಸಿ" ಅನ್ನಿ. ತಾನೇ ಎಣಿಸಿದ ಅಜ್ಜಿ ಮಿಕ್ಕವರನ್ನು ಹೊರಡಿಸುತ್ತಾರೆ. ಮೊದಲು ಹೇಳಿದ ಆ ಮನೆಯಲ್ಲೂ ಹಾಗೇ ಆಗಿದ್ದು. ಬಂಗಾರದ ಕೂಸು ಅಂದಿದ್ದ ಅಜ್ಜಿಯೇ ಚೀಲಕ್ಕೆ ಬಟ್ಟೆ ತುಂಬಿ ಮೊದಲು ಗಾಡಿ ಹತ್ತಿದರು.

ದಾರಿಯಲ್ಲಿ ಮಗು ತಾಯಿಯ ಎದೆಗೆ ಅಂಟಿಕೊಂಡೇ ಇರಲಿ, ಮೇಲೆ ಹೊದಿಕೆ ಇರಲಿ. ಕುಡಿಯುವಂತಿದ್ದರೆ ಹಾಲು ಕೊಡುತ್ತಿರಲಿ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ. ಚೀಟಿಯಲ್ಲಿ ಏನು ಕಂಡಿರಿ, ಎಷ್ಟು ಗಂಟೆಗೆ ಕಂಡಿರಿ, ಉಸಿರೆಷ್ಟು, ಶಾಖ ಎಷ್ಟು, ತೂಕ ಎಷ್ಟು ಅಂತ ಬರೆಯಿರಿ. ಸಾಧ್ಯವಾದರೆ ಜೊತೆಗೆ ಹೋಗಿ. ಹೋಗಲಾಗದಿದ್ದರೆ ಅದೇ ಸಂಜೆ ಫೋನ್ ಮಾಡಿ ಕೇಳಿ. ಮಗು ಮನೆಗೆ ವಾಪಸ್ ಬಂದ ಮಾರನೇ ದಿನವೇ ಭೇಟಿ ಕೊಡಿ. ಔಷಧಿ ಹೇಗೆ ಕೊಡಬೇಕು ಅನ್ನುವುದು ಎಷ್ಟೋ ಮನೆಗಳಲ್ಲಿ ಅರ್ಥವಾಗಿರುವುದಿಲ್ಲ.

10. ತಿಂಗಳಿಗೊಮ್ಮೆ ಹೆಂಗಸರ ಸಭೆ

ನೇಪಾಳದ ಮಕವಾನ್‌ಪುರದಲ್ಲಿ ಊರಿನ ಹೆಂಗಸರು ಗುಂಪಾಗಿ ಕೂತು, ನಮ್ಮೂರಲ್ಲಿ ತಾಯಿ ಮಕ್ಕಳಿಗೆ ಏನು ತೊಂದರೆ, ಏನು ಮಾಡಬಹುದು ಅಂತ ತಾವೇ ಮಾತಾಡಿಕೊಂಡರು. ಅಂಥ ಗುಂಪುಗಳಿದ್ದ ಕಡೆ ಹಸುಗೂಸುಗಳ ಸಾವು 30% ಕಡಿಮೆ ಇತ್ತು ಅಂತ 2004ರಲ್ಲಿ ವರದಿಯಾಯಿತು. ಹಾಗಾಗಿ ಸಭೆಯಲ್ಲಿ ನೀವೇ ಮಾತಾಡಬೇಡಿ. ಒಂದು ಪ್ರಶ್ನೆ ಇಟ್ಟು ಕೂತುಬಿಡಿ. ಗಾಡಿಗೆ ಅಂತ ಎಲ್ಲರೂ ಸೇರಿ ಹಣ ಕೂಡಿಡುವಂಥ ಉಪಾಯ ಅವರ ಬಾಯಿಂದಲೇ ಬಂದರೆ ಮಾತ್ರ ಉಳಿಯುತ್ತದೆ.

ನಿಮ್ಮ ಮೇಲ್ವಿಚಾರಕರಿಗೂ ಒಂದು ಮಾತು. ರಿಜಿಸ್ಟರ್ ತಿರುವಿ ಸಹಿ ಹಾಕಿದರೆ ಸಾಲದು, ತಿಂಗಳಿಗೆ ಒಂದೆರಡು ಮನೆಗೆ ಕಾರ್ಯಕರ್ತೆಯ ಜೊತೆ ಹೋಗಿ, ಅವರು ಉಸಿರು ಎಣಿಸುವಾಗ ನೀವೂ ಎಣಿಸಿ. ಅವರ ಸಂಬಳ ತಿಂಗಳು ತಿಂಗಳು ತಪ್ಪದೆ ಸಿಗುವಂತೆ ನೋಡಿಕೊಳ್ಳಿ. ಈ ಕೆಲಸಕ್ಕೆ ತಕ್ಕ ಹಣ ಕೊಡಲೇಬೇಕು, ಬರೀ ಪ್ರೋತ್ಸಾಹಧನದ ಮೇಲೆ ನಡೆಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ.

11. ಮಗು ಉಳಿಯದಿದ್ದರೆ

ಎಲ್ಲ ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆಮೇಲೆ ಆ ಮನೆಗೆ ಹೋಗಲು ಕಾಲೇ ಬರುವುದಿಲ್ಲ, ನನಗೂ ಬಂದಿರಲಿಲ್ಲ. ಆದರೂ ಹೋಗಲೇಬೇಕು. ಮಗು ಇಲ್ಲದಿದ್ದರೂ ಅವಳು ಬಾಣಂತಿಯೇ. ರಕ್ತಸ್ರಾವ, ಬಿಪಿ, ಸೋಂಕು ಎಲ್ಲ ಅಪಾಯವೂ ಅವಳಿಗೆ ಇದ್ದೇ ಇದೆ. ಎಷ್ಟೋ ಕಡೆ ಮಗುವಿನ ಹೆಸರಿನ ಜೊತೆ ತಾಯಿಯ ಹೆಸರೂ ಪಟ್ಟಿಯಿಂದ ಹೋಗಿಬಿಡುತ್ತದೆ. ನಿಮ್ಮ ಪಟ್ಟಿಯಿಂದ ಆರು ವಾರದವರೆಗೆ ತೆಗೆಯಬೇಡಿ.

ಮೂರನೇ ದಿನದ ಹೊತ್ತಿಗೆ ಅವಳ ಎದೆಯಲ್ಲಿ ಹಾಲು ತುಂಬುತ್ತದೆ. ಅದನ್ನು ಯಾರೂ ಅವಳಿಗೆ ಮೊದಲೇ ಹೇಳಿರುವುದಿಲ್ಲ. ನೀವು ಹೇಳಿ. ತಣ್ಣನೆ ಬಟ್ಟೆ ಇಟ್ಟುಕೊಳ್ಳಲಿ, ಎದೆಗೆ ಆಸರೆಯಾಗುವಂಥ ಒಳಉಡುಪು ಹಾಕಿಕೊಳ್ಳಲಿ, ತೀರಾ ಬಿಗಿದು ನೋವಾದಾಗ ಹಿತವಾಗುವಷ್ಟು ಮಾತ್ರ ಹಿಂಡಿ ತೆಗೆಯಲಿ. ಪೂರ್ತಿ ಖಾಲಿ ಮಾಡಿದರೆ ಇನ್ನೂ ಜಾಸ್ತಿ ಬರುತ್ತದೆ. ಕೆಲವು ದಿನದಲ್ಲಿ ತಾನಾಗೇ ಇಳಿಯುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು.

'ಇನ್ನೊಂದು ಆಗುತ್ತೆ ಬಿಡು' ಅನ್ನಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಅವಳು ಮಗುವಿಗೆ ಹೆಸರಿಟ್ಟಿದ್ದರೆ, ಮಾತಾಡುವಾಗ ಆ ಹೆಸರು ಹೇಳಿ.